ಹೆಣ್ಣು ಒಪ್ಪಿಸುವಾಗ ನಲವತ್ತೈದು

ಎಲ್ಲರೂ ಕುಣಿಯುತ್ತಿದ್ದಾಗ ನಾನು ಅತ್ತುಬಿಟ್ಟೆ.

ಸ್ಟೇಜಿನ ಮೇಲೆ. ಮೈಕು ಕೈಯಲ್ಲಿದ್ದಾಗ. ಬೆಲ್ ಬಾಟಮ್ ಹಾಕಿಕೊಂಡು.

ತುಮಕೂರಿನ ಹತ್ತಿರದ ಒಂದು ಫ್ಯಾಕ್ಟರಿಯ ಫ್ಯಾಮಿಲಿ ಡೇ. ಮಧ್ಯಾಹ್ನದ ಊಟ ಆದ ಮೇಲೆ ಮನರಂಜನೆ. ನಾನು ನಿರೂಪಕ, ನಾನೇ ಮಿಮಿಕ್ರಿ ಕಲಾವಿದ. (ಆಳು ಒಬ್ಬನೇ. ಬ್ಯಾನರಿನಲ್ಲಿ ಮಾತ್ರ ಎರಡು ಫೋಟೋ.) ಅಲ್ಲಿನ ಮ್ಯಾನೇಜರಿಗೆ ಹಳೇ ಇಂಗ್ಲಿಷ್ ಹಾಡುಗಳ ಹುಚ್ಚು. ಹಾಗಾಗಿ ಈ ಸಲದ ಥೀಮು ಎಪ್ಪತ್ತರ ದಶಕದ ಮೊದಲ ವರ್ಷಗಳಲ್ಲಿ ಇಂಗ್ಲೆಂಡಿನಲ್ಲಿ ಅತಿ ಹೆಚ್ಚು ಮಾರಾಟವಾದ ಪಾಪ್ ಹಾಡುಗಳು. ಲಿಸ್ಟು ಮ್ಯಾನೇಜರದು. ಸ್ಪೀಕರು ನನ್ನ ಗೆಳೆಯ, ಮಧುಗಿರಿಯ ಡಿಜೆ ಮಂಜನದು. ಬೆಲ್ ಬಾಟಮ್ ನಮ್ಮ ಚಿಕ್ಕಪ್ಪನದು.

ನಾಲ್ಕು ಹಾಡು ಮುಗಿದವು. ಐದನೆಯದು ಶುರುವಾಯಿತು. ಚಪ್ಪಾಳೆ, ಕಾಲು ಕುಟ್ಟುವ ಸದ್ದು, ನಡುವೆ ಒಬ್ಬ ಹುಡುಗಿಯ ಚುರುಕು ಗಂಟಲು. ಅಕೌಂಟ್ಸ್ ವಿಭಾಗದವರೂ ಎದ್ದು ಕುಣಿದರು ಎಂದರೆ ಹಾಡು ಎಂಥದಿರಬೇಕು, ಊಹಿಸಿಕೊಳ್ಳಿ.

ನನಗೆ ಮಾತ್ರ ಕಣ್ಣು ತುಂಬಿತು. ಎಲ್ಲಿಂದಲೋ ಮಡಿಲಕ್ಕಿ ಕಟ್ಟಿದ ಹೊಸ ಸೀರೆಯ ವಾಸನೆ, ಸ್ಟಾರ್ಟಾಗಿ ನಿಂತ ಕಾರಿನ ಹೊಗೆ, ನಮ್ಮ ದೊಡ್ಡಮ್ಮನ ಮಗಳು ಅಳುತ್ತಾ ನನ್ನ ಕೆನ್ನೆ ಹಿಂಡಿದ್ದು, ಎಲ್ಲ ಒಟ್ಟಿಗೆ ನುಗ್ಗಿ ಬಂದವು. ಕಾರಣ ತಿಳಿಯಲಿಲ್ಲ. ಮುಂದಿನ ಸಾಲಿನಲ್ಲಿದ್ದ ಮಹಿಳೆಯೊಬ್ಬರು ನನ್ನ ಮುಖ ನೋಡಿ, ಏನು ಆ್ಯಕ್ಟಿಂಗ್ ಎಂದು ಜೋರಾಗಿ ಚಪ್ಪಾಳೆ ತಟ್ಟಿದರು.

ನನ್ನ ಹಣೆಬರಹವೇ ಇದು. ನಾನು ನಿಜವಾಗಿ ಅತ್ತರೂ ಜನ, ಯಾರ ಮಿಮಿಕ್ರಿ ಅಂತ ಕೇಳುತ್ತಾರೆ.

ಕಾರ್ಯಕ್ರಮ ಮುಗಿದು ವೈರು ಸುತ್ತುವಾಗ ಮಂಜನಿಗೆ ವಿಷಯ ಹೇಳಿದೆ. ಅವನು ಮೊದಲು ನನ್ನ ಊಟದಲ್ಲಿ ಏನಾದರೂ ಬಿದ್ದಿತ್ತಾ ಎಂದು ವಿಚಾರಿಸಿದ. ಆಮೇಲೆ ಲ್ಯಾಪ್‌ಟಾಪ್ ತೆಗೆದು ಆ ಹಾಡನ್ನು ಮತ್ತೆ ಹಾಕಿದ. ಸುಮ್ಮನೆ ಆಟಕ್ಕೆ ವೇಗ ಇಳಿಸುತ್ತಾ ಬಂದ. ಮುಕ್ಕಾಲಕ್ಕೆ ಬಂತು. ಹುಡುಗಿಯ ದನಿ ಗಂಡಸಿನ ದನಿಯಾಯಿತು. ಕಾಲು ಕುಟ್ಟುವ ಸದ್ದು ಯಾರೋ ಭಾರದ ಹೆಜ್ಜೆ ಇಟ್ಟು ನಡೆಯುವ ಸದ್ದಾಯಿತು. ಮಂಜನ ಕೈ ನಿಂತಿತು.

"ಲೇ, ಇದು ನಲವತ್ತೈದು ಕಣ್ಲಾ."

ನಮ್ಮ ಸೀಮೆಯವರಲ್ಲದ ಓದುಗರಿಗೆ ಇಲ್ಲೊಂದು ವಿವರಣೆ ಬೇಕು.

ಶಿರಾ, ಮಧುಗಿರಿ, ಕೊರಟಗೆರೆ, ಪಾವಗಡ. ಈ ನಾಲ್ಕು ತಾಲ್ಲೂಕಿನಲ್ಲಿ ಮದುವೆ ಮುಗಿದು ಹೆಣ್ಣು ಒಪ್ಪಿಸುವ ಹೊತ್ತಿಗೆ ಬ್ಯಾಂಡ್‌ಸೆಟ್ಟಿನವರು ಒಂದು ಟ್ಯೂನು ನುಡಿಸುತ್ತಾರೆ. ಅದರ ಹೆಸರು ನಲವತ್ತೈದು. ಶಿರಾದ ಸಾಬರ ಬೀದಿಯಲ್ಲಿ ಪೈಂತಾಲೀಸ್. ಪಾವಗಡದ ಕಡೆ ತೆಲುಗಿನಲ್ಲಿ ನಲಭೈ ಐದು. ಯಾಕೆ ಆ ಹೆಸರು? ಯಾರಿಗೂ ಗೊತ್ತಿಲ್ಲ. ನಲವತ್ತೈದನೇ ಮೇಳಕರ್ತ ರಾಗ ಎಂದು ನಮ್ಮೂರಿನ ಸಂಗೀತ ಮೇಷ್ಟ್ರೊಬ್ಬರು ಹೇಳುತ್ತಿದ್ದರು. ನಲವತ್ತೈದು ಹನಿ ಕಣ್ಣೀರು ಹಾಕಿಸದೆ ಬಿಡಲ್ಲ, ಅದಕ್ಕೇ ಆ ಹೆಸರು ಎಂದು ನಮ್ಮಜ್ಜಿ. ಮದುವೆ ಮಾತುಕತೆಯಲ್ಲೇ ಹೆಣ್ಣಿನ ಕಡೆಯವರು ಬ್ಯಾಂಡಿನವರಿಗೆ ಹೇಳುತ್ತಾರೆ: ಮಿಕ್ಕಿದ್ದು ಏನಾರ ನುಡಿಸ್ಕಳಿ, ಕೊನೆಗೆ ನಲವತ್ತೈದು ಇರ್ಬೇಕು.

ಅದು ಶುರುವಾದರೆ ಸಾಕು, ವರನ ಕಡೆಯ ಅಡುಗೆ ಭಟ್ಟರೂ ಕಣ್ಣೊರೆಸಿಕೊಳ್ಳುತ್ತಾರೆ.

ಮಂಜ ತಲೆ ಕೆರೆದುಕೊಂಡ. ಹಳೇ ರೆಕಾರ್ಡಿನಲ್ಲಿ ಎರಡು ಥರ ಇರುತ್ತಿತ್ತಂತೆ. ದೊಡ್ಡ ರೆಕಾರ್ಡು ನಿಮಿಷಕ್ಕೆ ಮೂವತ್ತಮೂರು ಸುತ್ತು ಚಿಲ್ಲರೆ ತಿರುಗಬೇಕು. ಸಣ್ಣ ರೆಕಾರ್ಡು ನಲವತ್ತೈದು ಸುತ್ತು. ಸಣ್ಣದನ್ನು ದೊಡ್ಡದರ ವೇಗದಲ್ಲಿ ಹಾಕಿದರೆ ಹಾಡು ಹೀಗೆ ಎಳೆದಾಡುತ್ತದೆ. ಅಷ್ಟು ಹೇಳಿ ಮಂಜ ಬಾಯಿ ತೆರೆದುಕೊಂಡೇ ನಿಂತ. ನಾನೂ ನಿಂತೆ.

ಹೆಸರಿನಲ್ಲೇ ಉತ್ತರವಿತ್ತು. ನಲವತ್ತೈದು ಎನ್ನುವುದು ರಾಗವೂ ಅಲ್ಲ, ಕಣ್ಣೀರಿನ ಲೆಕ್ಕವೂ ಅಲ್ಲ. ಆ ಹಾಡು ತಿರುಗಬೇಕಾದ ವೇಗ. ಐವತ್ತು ವರ್ಷದಿಂದ ನಾಲ್ಕು ತಾಲ್ಲೂಕು ಆ ವೇಗದ ಹೆಸರು ಹೇಳಿಕೊಂಡೇ ತಪ್ಪು ವೇಗದಲ್ಲಿ ಅಳುತ್ತಾ ಬಂದಿದೆ.

(ಹಾಡಿನ ಹೆಸರು ಹೇಳಲಾರೆ. ಹೇಳಿದರೆ ನೀವು ಪೇಪರು ಕೆಳಗಿಟ್ಟು ಮೊಬೈಲು ಕೈಗೆತ್ತಿಕೊಳ್ಳುತ್ತೀರಿ. ನನ್ನ ಹೊಟ್ಟೆಪಾಡು?)

ಮುಂದಿನ ಭಾನುವಾರ ಇಡೀ ದಿನ ಆ ಲಿಸ್ಟಿನ ಹಾಡುಗಳನ್ನು ಕೇಳುತ್ತಾ ಕೂತೆ. ಹಳೇ ವಿಡಿಯೋಗಳೂ ಸಿಕ್ಕವು. ನಿಮಗೊಂದು ಮಾತು ಹೇಳುತ್ತೇನೆ, ನಮ್ಮ ಆರ್ಕೆಸ್ಟ್ರಾದವರಿಗೆ ಸುಮ್ಮನೆ ಬೈಯಬೇಡಿ. ಅಲ್ಲಿನ ಗಂಡಸರು ನಮ್ಮ ಆರ್ಕೆಸ್ಟ್ರಾದವರಿಗಿಂತ ಹೆಚ್ಚು ಮಿಂಚು ಬಳಿದುಕೊಂಡಿದ್ದಾರೆ. ಚಪ್ಪಲಿಯ ಅಡಿ ಒಂದು ಸೇರು ಎತ್ತರ. ತಲೆಗೂದಲು ಎಣ್ಣೆ ಕಂಡು ವರ್ಷವಾಗಿರಬೇಕು. ಅರ್ಧ ಹಾಡಿಗೆ ಅರ್ಥವಿಲ್ಲ, ಬರೀ ಲಾ ಲಾ, ಚಪ್ಪಾಳೆ, ಕಾಲು ಕುಟ್ಟುವುದು. ಇನ್ನರ್ಧ ಹಾಡಿಗೆ ಅರ್ಥವಿದೆ, ಆದರೆ ಯಾರೂ ಕೇಳಿಸಿಕೊಂಡಂತೆ ಕಾಣುವುದಿಲ್ಲ. ಯಾರೂ ಏನನ್ನೂ ಸಾಬೀತು ಮಾಡಲು ಹಾಡುತ್ತಿಲ್ಲ. ಶನಿವಾರ ಸಂಜೆ ಸಂಬಳ ಕೈಗೆ ಬಂದವರು ಅಂಗಡಿಗೆ ಹೋಗಿ ಕೊಂಡುಕೊಳ್ಳಲಿ, ಮನೆಯಲ್ಲಿ ಕುಣಿಯಲಿ, ಅಷ್ಟೇ. ನನಗಂತೂ ಇಷ್ಟವಾಯಿತು.

ನಮ್ಮ ನಲವತ್ತೈದೂ ಅದೇ ಜಾತಿಯದು. ಹುಡುಗಿಯೊಬ್ಬಳು ರಜೆಯ ದಿನ ಗೆಳತಿಯರ ಜೊತೆ ಬಸ್ಸು ಹತ್ತಿ ಸಮುದ್ರ ನೋಡಲು ಹೋಗುತ್ತಾಳೆ. ಐಸ್‌ಕ್ರೀಮು ತಿನ್ನುತ್ತಾಳೆ. ಚಪ್ಪಲಿಯೊಳಗೆ ಮರಳು. ಸಂಜೆ ಮನೆಗೆ ಬೇಗ ಬರಲ್ಲ ಎನ್ನುತ್ತಾಳೆ. ಮುಗಿಯಿತು. ಇದಕ್ಕೆ ನಮ್ಮ ಸೋದರತ್ತೆಯರು ಐವತ್ತು ವರ್ಷದಿಂದ ಮೂಗು ಸೀಟುತ್ತಿದ್ದಾರೆ.

ಮಿಮಿಕ್ರಿ ಮಾಡುವವನಿಗೆ ಇದಕ್ಕಿಂತ ಬೇರೆ ಐಟಂ ಬೇಕೆ?

ಹದಿನೈದು ದಿನಕ್ಕೆ ಮಧುಗಿರಿಯಲ್ಲಿ ನನ್ನ ತಂಗಿ ರೂಪಳ ಮದುವೆಯಿತ್ತು. ಗಂಡಿನ ಕಡೆಯವರು ಪಾವಗಡದವರು. ನಾನು, ಮಂಜ ಕೂತು ಪ್ಲಾನು ಹಾಕಿದೆವು. ಆರತಕ್ಷತೆಯಲ್ಲಿ ನನ್ನ ಐಟಂ. ಮೊದಲು ನಮ್ಮ ಅತ್ತೆಯರು ನಲವತ್ತೈದಕ್ಕೆ ಹೇಗೆ ಅಳುತ್ತಾರೆ ಎಂದು ಒಬ್ಬೊಬ್ಬರನ್ನಾಗಿ ತೋರಿಸುವುದು. ಆಮೇಲೆ ಮಂಜ ಅಸಲಿ ಹಾಡನ್ನು ಅಸಲಿ ವೇಗದಲ್ಲಿ ಬಿಡುವುದು. ಸಾವಿರ ಜನ ನಗುತ್ತಾರೆ. ಯಾರಾದರೂ ಮೊಬೈಲಿನಲ್ಲಿ ಹಿಡಿದು ಹರಿಬಿಡುತ್ತಾರೆ. ನಾನು ಫೇಮಸ್ಸು.

ಅದಕ್ಕೆ ಮುಂಚೆ ಒಂದು ಸಣ್ಣ ವಿಡಿಯೋ ಬೇಕಿತ್ತು. ಈ ಟ್ಯೂನನ್ನು ಮೊದಲು ನುಡಿಸಿದ ಮನುಷ್ಯ ಅಸಲಿ ಹಾಡನ್ನು ಕೇಳುವಾಗ ಅವರ ಮುಖ.

ಅವರು ಶಿರಾದ ಖಲೀಲ್ ಸಾಹೇಬರು. ಕ್ಲಾರಿಯೋನೆಟ್. ವಯಸ್ಸು ಎಪ್ಪತ್ತು ದಾಟಿದೆ. ಅವರು ಊದುವಾಗ ಎಡಗೆನ್ನೆ ಬಲಗೆನ್ನೆಗಿಂತ ಹೆಚ್ಚು ಉಬ್ಬುತ್ತದೆ. ನಾನು ಶಾಲೆಯಲ್ಲಿದ್ದಾಗ ಮಾಡಿದ ಮೊದಲ ಮಿಮಿಕ್ರಿಯೇ ಅದು. ರೂಪಳ ಮದುವೆಗೂ ಅವರದೇ ಬ್ಯಾಂಡು ಗೊತ್ತಾಗಿತ್ತು.

ಬೆಳಿಗ್ಗೆ ಹೋದೆ. ಹಗ್ಗದ ಮೇಲೆ ಬ್ಯಾಂಡಿನ ಕೆಂಪು ಕೋಟುಗಳು ಒಣಗುತ್ತಿದ್ದವು. ಎಣಿಸಿದರೆ ಆರು. ನಾನು ಚಿಕ್ಕವನಿದ್ದಾಗ ಹದಿನಾಲ್ಕು ಇದ್ದವು. ದಿಬ್ಬಣಕ್ಕೆ, ಆರತಕ್ಷತೆಗೆ, ಎಲ್ಲಕ್ಕೂ ಈಗ ಡಿಜೆ ಬಂದಿದ್ದಾರೆ ಎಂದು ಸಾಹೇಬರು ಸಿಟ್ಟಿಲ್ಲದೆ ಹೇಳಿದರು. ನಮ್ಮನ್ನು ಕರೆಯುವುದು ಕೊನೆಯ ಅರ್ಧ ಗಂಟೆಗೆ, ನಲವತ್ತೈದಕ್ಕೆ. ಅದೊಂದು ಡಿಜೆಗೆ ಬರಲ್ಲ. ಅದೊಂದರ ಮೇಲೆ ಆರು ಮನೆ ನಡೀತಿದೆ. ಅಷ್ಟು ಹೇಳಿ ಟೀ ಸೋಸಲು ಒಳಗೆ ಹೋದರು.

ನಾನು ಮೊಬೈಲನ್ನು ಕಿಟಕಿಯ ಮೇಲೆ ಒರಗಿಸಿಟ್ಟು ಕ್ಯಾಮೆರಾ ಆನ್ ಮಾಡಿದೆ.

ಟೀ ಬಂತು. ನಲವತ್ತೈದು ನಿಮಗೆ ಎಲ್ಲಿ ಸಿಕ್ಕಿದ್ದು ಎಂದು ಕೇಳಿದೆ. ಅವರಿಗಾಗ ಇಪ್ಪತ್ತು ವಯಸ್ಸು. ಹೆದ್ದಾರಿಯಲ್ಲಿ ಇಂಗ್ಲೆಂಡಿನ ಹುಡುಗ ಹುಡುಗಿಯರ ಒಂದು ವ್ಯಾನು ಗೇರ್‌ಬಾಕ್ಸ್ ಹೋಗಿ ನಿಂತಿತಂತೆ. ಶಿರಾದಲ್ಲಿ ಸಾಹೇಬರ ಮಾವನ ಮೆಕ್ಯಾನಿಕ್ ಶೆಡ್ಡು. ನಾಲ್ಕು ದಿನ ಅಲ್ಲೇ ಬಿಡಾರ. ಮದಲೂರು ಕೆರೆಗೆ ಹೋಗಿ ಈಜಿ ಬಂದರಂತೆ. (ಆಗ ಅದರಲ್ಲಿ ನೀರಿತ್ತು ಎಂದು ಸಾಹೇಬರು ಆಣೆ ಮಾಡಿದರು. ನಂಬಿದ್ದೇನೆ.) ಹೊರಡುವಾಗ ಪ್ರೀತಿಗೆ ಏಳು ಸಣ್ಣ ರೆಕಾರ್ಡು ಕೊಟ್ಟು ಹೋದರು. ಆರು ರೆಕಾರ್ಡು ಶೆಡ್ಡಿನ ತಗಡಿನ ಕೆಳಗೆ ಹಪ್ಪಳವಾದವು. ಒಂದು ಉಳಿಯಿತು.

ಆ ಒಂದನ್ನು ಅವರು ಒಳಗಿನಿಂದ ತಂದರು. ಹಳೇ ಕೋಟಿನ ಕೆಂಪು ಬಟ್ಟೆಯಲ್ಲಿ ಸುತ್ತಿತ್ತು. ನಡುವಿನ ಕಾಗದದ ಮೇಲೆ ಮಿಕ್ಕ ಅಕ್ಷರ ಮಾಸಿಹೋಗಿದ್ದವು. 45 ಮಾತ್ರ ಚೆನ್ನಾಗಿ ಕಾಣುತ್ತಿತ್ತು.

ಅವರ ತಂದೆಯ ಹತ್ತಿರ ಒಂದು ರೆಕಾರ್ಡ್ ಪ್ಲೇಯರ್ ಇತ್ತು. ಕವ್ವಾಲಿಯ ದೊಡ್ಡ ರೆಕಾರ್ಡುಗಳಿಗೆ ತಂದದ್ದು. ಅದರ ವೇಗದ ಗುಬಟು ಮೂವತ್ತಮೂರಕ್ಕೆ ತುಕ್ಕು ಹಿಡಿದು ಕೂತಿತ್ತು. ಅದನ್ನು ತಿರುಗಿಸಬಹುದು ಎನ್ನುವುದೇ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅದೇ ವಾರ ಅವರ ಅಕ್ಕನ ಮದುವೆ. ಹಿಂದೂಪುರಕ್ಕೆ ಕೊಟ್ಟಿದ್ದು. ರೆಕಾರ್ಡು ಹಾಕಿದರು. ಭಾಷೆ ಬರುತ್ತಿರಲಿಲ್ಲ.

"ಗಂಟ್ಲು ಕೇಳುದ್ವಿ ಬೇಟಾ. ಯಾರೋ ಅಪ್ಪ ಮಗ್ಳುನ್ನ ಕಳಿಸ್ತಾ ಅವ್ನೆ ಅನ್ನುಸ್ತು. ನಮ್ಮಪ್ಪಾನೂ ಅಂಗೇ ಒಳಗೊಳಗೇ ಅಳೋರು. ಎಲ್ಡು ದಿನ ಕೂತು ಕಲ್ತು, ಅಕ್ಕನ ರುಖ್ಸತ್‌ಗೆ, ಅದೇ ಹೆಣ್ ಒಪ್ಸಾದ್ಕೆ, ನುಡಿಸ್ಬುಟ್ಟೆ."

ಆ ಮದುವೆಗೆ ಬಂದಿದ್ದ ಹಳ್ಳಿಯ ಗೌಡರೊಬ್ಬರು ತಮ್ಮ ಮಗಳ ಮದುವೆಗೂ ಅದೇ ಬೇಕು ಎಂದರು. ಏನಂತ ಕರೆಯುವುದು? ರೆಕಾರ್ಡಿನ ಮೇಲೆ ನಂಬರಿದೆಯಲ್ಲ. ನಲವತ್ತೈದು.

ನಾನು ಜೇಬಿನಿಂದ ಸಣ್ಣ ಸ್ಪೀಕರು ತೆಗೆದೆ. ಸಾಹೇಬರೇ, ಒಂದು ಹಾಡು ಕೇಳಿ ಎಂದೆ. ಹಾಕಿದೆ.

ಮೊದಲ ಸಾಲಿಗೆ ಅವರಿಗೆ ಗುರುತು ಸಿಗಲಿಲ್ಲ. ಎರಡನೇ ಸಾಲಿಗೆ ಅವರ ಬೆರಳುಗಳು ತೊಡೆಯ ಮೇಲೆ ತಾವೇ ಓಡಾಡತೊಡಗಿದವು, ಕ್ಲಾರಿಯೋನೆಟ್ಟಿನ ತೂತುಗಳ ಮೇಲೆ ಓಡಾಡುವ ಹಾಗೆ. ಆಮೇಲೆ ಬೆರಳು ನಿಂತವು. ಹಾಡು ಮುಗಿಯಿತು. ಇನ್ನೊಂದು ಸಲ ಎಂದರು. ಹಾಕಿದೆ. ಗುಬಟಿನ ವಿಷಯ, ನಲವತ್ತೈದು ಮೂವತ್ತಮೂರರ ವಿಷಯ, ಎಲ್ಲ ವಿವರಿಸಿದೆ. ಹಾಡಿನ ಅರ್ಥವನ್ನೂ ಹೇಳಿದೆ. ಹೇಳುತ್ತಾ ಹೋದಂತೆ ನನ್ನ ದನಿ ಸಣ್ಣದಾಗುತ್ತಿತ್ತು.

"ಹುಡ್ಗಿ ಹಾಡ್ತಾ ಇರಾದಾ?"

ಹೂಂ ಅಂದೆ.

ಅವರು ರೆಕಾರ್ಡಿನ ಮೇಲಿದ್ದ ಧೂಳನ್ನು ತೋಳಿನಿಂದ ಒರೆಸಿದರು. ಧೂಳೇನೂ ಇರಲಿಲ್ಲ.

"ಐವತ್ ವರ್ಷ ಅಪ್ಪ ಅಳ್ತಾ ಅವ್ನೆ ಅಂದ್ಕಂಡಿದ್ದೆ. ಮಗ್ಳು ನಗ್ತಾ ಇದ್ಲು."

ನಾನು ಸ್ಪೀಕರು ಆಫ್ ಮಾಡಿ ಜೇಬಿಗಿಟ್ಟುಕೊಂಡೆ.

ರೆಕಾರ್ಡನ್ನು ಮತ್ತೆ ಕೆಂಪು ಬಟ್ಟೆಯಲ್ಲಿ ಸುತ್ತುತ್ತಾ ಅವರೇ ಕೇಳಿದರು, ಹುಡುಗಿ ಬಸ್ಸು ಹತ್ತುತ್ತಾಳೆ ಅಂದೆಯಲ್ಲ, ಸಂಜೆ ಮನೆಗೆ ಬರಲ್ಲ ಅನ್ನುತ್ತಾಳಲ್ಲ, ಹಂಗಾದರೆ ಮನೆ ಬಿಟ್ಟು ಹೋಗುವುದೇ ತಾನೆ, ನಾವು ಪೂರ್ತಿ ತಪ್ಪೇನೂ ಅಲ್ಲ. ಹೌದು, ತಪ್ಪಲ್ಲ ಎಂದೆ. ಆಗ ನನ್ನ ಆರತಕ್ಷತೆಯ ಐಟಂ ವಿಷಯವನ್ನೂ ಬಾಯಿಬಿಟ್ಟೆ. ಅವರ ಮುಂದೆ ಮುಚ್ಚಿಡಲು ಆಗಲಿಲ್ಲ. ಅವರು ಬೇಡ ಎನ್ನುತ್ತಾರೆ, ನಾನು ಸ್ವಲ್ಪ ಬಿಗುಮಾನ ಮಾಡಿ ಒಪ್ಪಿಕೊಳ್ಳುತ್ತೇನೆ ಎಂದುಕೊಂಡಿದ್ದೆ.

"ಹೇಳ್ಬ್ಯಾಡ ಅನ್ನಕಿಲ್ಲ. ನಗ್ಸಾದು ನಿನ್ ಕಸುಬು, ಅಳ್ಸಾದು ನನ್ ಕಸುಬು. ಆದ್ರೆ ನಿನ್ ತಂಗಿ ಕಾರು ಹತ್ತಿದ್ ಮ್ಯಾಕೆ ಹೇಳು, ಮಗಾ. ಅದುಕ್ ಮುಂಚೆ ಬ್ಯಾಡ."

ಬಸ್ಸಿನಲ್ಲಿ ಕೂತು ಲೆಕ್ಕ ಹಾಕಿದೆ. ಆರತಕ್ಷತೆ ಹಿಂದಿನ ದಿನದ ಸಂಜೆ. ಹೆಣ್ಣು ಒಪ್ಪಿಸುವುದು ಮಾರನೇ ದಿನ ಮಧ್ಯಾಹ್ನ. ಅಂದರೆ ಐಟಂ ಹೋಯಿತು. ಆರತಕ್ಷತೆಯಲ್ಲಿ ನಕ್ಕ ಸಾವಿರ ಜನ ಮಾರನೇ ದಿನ ಕಾರಿನ ಹತ್ತಿರ ಅಳುತ್ತಾರೆಯೇ? ಆ ಟ್ಯೂನು ಕೇಳಿದ ಕೂಡಲೇ ಐಸ್‌ಕ್ರೀಮು ನೆನಪಾಗುತ್ತದೆ. ಮುಂದಿನ ಮದುವೆಯವರು ಆ ಅರ್ಧ ಗಂಟೆಗೂ ಮಂಜನನ್ನೇ ಕರೆಯುತ್ತಾರೆ. ಹಗ್ಗದ ಮೇಲಿನ ಆರು ಕೋಟು ಇಳಿಯುತ್ತವೆ. ಸಾಹೇಬರು ಇದಿಷ್ಟನ್ನೂ ಬಾಯಿಬಿಟ್ಟು ಹೇಳಲಿಲ್ಲ. ಟೀ ಸೋಸುವ ಮುಂಚೆಯೇ ಹೇಳಿಬಿಟ್ಟಿದ್ದರು.

ಹೋಗಲಿ, ವಿಡಿಯೋ ಆದರೂ ಸಿಕ್ಕಿತಲ್ಲ ಎಂದು ಮೊಬೈಲು ತೆಗೆದು ನೋಡಿದೆ. ಮುಂದಿನ ಕ್ಯಾಮೆರಾ ಆನ್ ಆಗುವ ಬದಲು ಹಿಂದಿನದು ಆನ್ ಆಗಿತ್ತು. ನಲವತ್ತು ನಿಮಿಷ ಕಿಟಕಿಯಾಚೆಯ ಮೇಕೆ.

(ಮೇಕೆ ಚೆನ್ನಾಗಿ ಬಂದಿದೆ.)

ಆರತಕ್ಷತೆಯಲ್ಲಿ ನಾನು ಎಂದಿನ ಹಾಗೆ ನಮ್ಮ ಮಾವಂದಿರು ಊಟಕ್ಕೆ ಕರೆಯುವುದನ್ನು ಮಾಡಿ ತೋರಿಸಿದೆ. ಅದೇ ಹಳೇ ನಗು. ಮಂಜ ನನ್ನನ್ನು ಕೊಲ್ಲುವ ಹಾಗೆ ನೋಡುತ್ತಿದ್ದ.

ಮಾರನೇ ದಿನ ಮಧ್ಯಾಹ್ನ ಛತ್ರದ ಮುಂದೆ ಕಾರು ನಿಂತಿತು. ರೂಪಳ ಮಡಿಲಿಗೆ ಅಕ್ಕಿ, ಬೆಲ್ಲ, ಕೊಬ್ಬರಿ ಕಟ್ಟಿದರು. ಸಾಹೇಬರು ಕೆಂಪು ಕೋಟು ಹಾಕಿಕೊಂಡು ಬೇವಿನ ಮರದ ಕೆಳಗೆ ನಿಂತಿದ್ದರು. ನನ್ನನ್ನು ಒಂದು ಸಲ ನೋಡಿದರು. ಊದಿದರು. ನಲವತ್ತೈದು.

ನನಗೆ ಎಲ್ಲ ಗೊತ್ತು. ಐಸ್‌ಕ್ರೀಮು ಗೊತ್ತು, ಮರಳು ಗೊತ್ತು, ಗುಬಟಿನ ತುಕ್ಕು ಗೊತ್ತು. ಈ ಸಲ ಅಳು ಬರಲಾರದು ಎಂದು ಧೈರ್ಯವಾಗಿ ನಿಂತೆ. ಎರಡನೇ ಸಾಲಿಗೆ ಮೂಗು ಸೋರತೊಡಗಿತು. ನಮ್ಮ ಅತ್ತೆಯರೆಲ್ಲ ನಾನು ಐಟಂನಲ್ಲಿ ಮಾಡಬೇಕೆಂದಿದ್ದ ಹಾಗೆಯೇ, ಒಂದಿಷ್ಟೂ ತಪ್ಪಿಲ್ಲದೆ ಅತ್ತರು. ಪಾವಗಡದ ಬೀಗಿತ್ತಿ, ಅಳಬೇಡವೇ ತಲ್ಲಿ, ಅಳಬೇಡವೇ ತಾಯಿ ಎಂದು ರೂಪಳಿಗೆ ಸಮಾಧಾನ ಹೇಳುತ್ತಾ ತಾವೇ ಜಾಸ್ತಿ ಅತ್ತರು.

ನಮ್ಮಪ್ಪ ಬಸ್ ಕಂಡಕ್ಟರ್ ಆಗಿದ್ದವರು. ಮಿಡಿಗೇಶಿ, ಮಧುಗಿರಿ ರೂಟು. ಸರ್ವಿಸ್ ಪೂರ್ತಿ ಜನರನ್ನು ಹತ್ತಿಸಿ, ಬಸ್ಸಿನ ಮೈ ಮೇಲೆ ಎರಡು ಏಟು ಬಡಿದು, ರೈಟ್ ಅಂದವರು. ಕಾರಿನ ಬಾಗಿಲು ಹಾಕಿದರು. ಡ್ರೈವರು ಕಾಯುತ್ತಿದ್ದ. ಅಪ್ಪ ಕಾರಿನ ಮೇಲೆ ಕೈ ಇಟ್ಟುಕೊಂಡು ಸುಮ್ಮನೆ ನಿಂತಿದ್ದರು. ಟ್ಯೂನು ಮುಗಿಯಿತು, ಮತ್ತೆ ಮೊದಲಿಂದ ಶುರುವಾಯಿತು, ಅದೂ ಮುಗಿಯಿತು. ಕೈ ಮೇಲೇಳಲಿಲ್ಲ.

ಕೊನೆಗೆ ಎರಡು ಸಲ ಬಡಿದರು. ಸದ್ದೇ ಬರದ ಹಾಗೆ. "ರೈಟ್" ಅಂದರು.

ಕಾರು ಒಂದು ಗಾಲಿಯಷ್ಟು ಮುಂದೆ ಹೋಗಿತ್ತು. ಸಾಹೇಬರು ಡ್ರಮ್ಮಿನವನ ಕಡೆ ತಿರುಗಿ ಏನೋ ಸನ್ನೆ ಮಾಡಿದರು. ಅದೇ ಟ್ಯೂನು, ಅದೇ ಸ್ವರ, ಓಡತೊಡಗಿತು. ಚುರುಕಾಗಿ, ಕಾಲು ಕುಟ್ಟುವ ಹಾಗೆ. ನಾನು ಹೋಗಿ ಬಂದ ಮೇಲೆ ಆರು ಜನವೂ ಕೂತು ಕಲಿತಿದ್ದರು. ಎಡಗೆನ್ನೆ ಬಲೂನಾಗಿತ್ತು. ಅಳುತ್ತಿದ್ದ ಹೆಂಗಸರು ಸೆರಗು ಮುಖದ ಮೇಲೆ ಇಟ್ಟುಕೊಂಡೇ ನಿಂತುಬಿಟ್ಟರು. ಒಬ್ಬ ಅತ್ತೆಯ ಕಾಲು ಅವರಿಗೆ ತಿಳಿಯದೆಯೇ ತಾಳ ಹಾಕುತ್ತಿತ್ತು. ಕಾರಿನ ಕಿಟಕಿಯಿಂದ ರೂಪ ತಲೆ ಹೊರಗೆ ಹಾಕಿದಳು. ಕಾಡಿಗೆ ಕೆನ್ನೆಗೆ ಇಳಿದಿತ್ತು. ನಗುತ್ತಿದ್ದಳು. ಗೊರವನಹಳ್ಳಿಯ ಲಕ್ಷ್ಮಿಗೆ ಕೈಮುಗಿದು ಪಾವಗಡದ ದಾರಿ ಹಿಡಿಯಬೇಕಿದ್ದ ಕಾರು ತಿರುವಿನಲ್ಲಿ ಮರೆಯಾಗುವವರೆಗೂ ಕೈ ಬೀಸುತ್ತಿದ್ದಳು.

ಅಪ್ಪ ಇನ್ನೂ ಅಳುತ್ತಿದ್ದರು. ಅವರಿಗೆ ಯಾವ ವೇಗವೂ ತಾಗಿದಂತೆ ಕಾಣಲಿಲ್ಲ.

ಬೇವಿನ ಮರದ ಹತ್ತಿರ ಹೋಗಿ ಸಾಹೇಬರಿಗೆ ಹೇಳಿದೆ, ನನ್ನ ಐಟಂ ಕದ್ದುಬಿಟ್ರಿ. ಅವರು, ಕಾರು ಹತ್ತಿದ ಮೇಲೆ ಹೇಳು ಅಂದಿದ್ದೆ, ನೀನು ತಡ ಮಾಡಿದೆ, ನಾನೇ ಹೇಳಿದೆ ಎಂದು ಕ್ಲಾರಿಯೋನೆಟ್ಟಿನ ಎಂಜಲು ಒರೆಸಿಕೊಂಡರು.

ಮೊನ್ನೆ ಕೊರಟಗೆರೆಯ ಒಂದು ಮದುವೆಗೆ ಅವರ ಬ್ಯಾಂಡು ಹೋಗಿತ್ತು. ಕರೆದವರು ಎರಡೂ ಬೇಕು ಎಂದರಂತೆ. ಕಾರು ಹತ್ತುವವರೆಗೆ ನಲವತ್ತೈದು. ಹತ್ತಿದ ಮೇಲೆ ಆ ಹೊಸದು. ಹೊಸದಕ್ಕೂ ಒಂದು ಹೆಸರು ಬೇಕಲ್ಲ? ಸಾಹೇಬರಿಗೆ ನಾನು ಹೇಳಿದ್ದ ಇನ್ನೊಂದು ನಂಬರು ನೆನಪಿತ್ತು. ನಿಧಾನದ್ದಕ್ಕೆ ನಲವತ್ತೈದು ಹೆಸರು ಆಗಲೇ ಹೋಗಿಬಿಟ್ಟಿದೆ. ಹಾಗಾಗಿ ಓಡುವುದಕ್ಕೆ ಮೂವತ್ತಮೂರು ಎಂದು ಇಟ್ಟಿದ್ದಾರೆ. ಮಂಜ ತಲೆ ಚಚ್ಚಿಕೊಂಡ, ಪೂರ್ತಿ ಉಲ್ಟಾ ಕಣ್ಲಾ, ಹೋಗಿ ಸರಿ ಮಾಡ್ಬಾ ಎಂದ. ನಾನು ಹೋಗಲಿಲ್ಲ. ಇಂಗ್ಲೆಂಡಿನಲ್ಲಿ ಅಷ್ಟು ಮನೆಗಳಿಗೆ ಮಾರಾಟವಾದ ಹಾಡಿನ ಒಂದೇ ಒಂದು ಪ್ರತಿ ಶಿರಾಕ್ಕೆ ಬಂದು ನಾಲ್ಕು ತಾಲ್ಲೂಕಿಗೆ ಸಾಕಾಗಿದೆ. ನಂಬರು ಹಿಂದುಮುಂದಾದರೆ ಯಾರ ಗಂಟೇನು ಹೋಗುತ್ತದೆ?

ನಾನಂತೂ ಕೊಟ್ಟ ಮಾತು ಉಳಿಸಿಕೊಂಡಿದ್ದೇನೆ, ತಂಗಿ ಕಾರು ಹತ್ತಿದ ಮೇಲೆಯೇ ಇದನ್ನು ಬರೆದಿದ್ದೇನೆ. ನಿಮ್ಮ ಮನೆಯಲ್ಲಿ ಮದುವೆಗೆ ನಿಂತ ಹುಡುಗಿ ಇದ್ದರೆ, ಅವಳು ಕಾರು ಹತ್ತುವವರೆಗೆ ಈ ಪುಟವನ್ನು ಮಡಚಿಡಿ.